ಹಿಮ್ಮೇಳದ ನೆನಪು: ಬೈಲಹೊಂಗಲ–ಸವದತ್ತಿ ಪರಿಸರದ ಹಾಡುಪರಂಪರೆ

ಸಂಗೀತವು ನೆನಪನ್ನು ಎಚ್ಚರಿಸುತ್ತದೆ ಎಂಬ ಮಾತನ್ನು ವಿಮರ್ಶೆಯು ಸಾಮಾನ್ಯವಾಗಿ ವ್ಯಕ್ತಿಯ ಖಾಸಗಿ ಅನುಭವಕ್ಕೆ ಅನ್ವಯಿಸುತ್ತ ಬಂದಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಹಾಡುಗಳಲ್ಲಿ ಈ ನೆನಪು ಸಾಮೂಹಿಕವಾದುದು. ಇಲ್ಲಿ ಕೇಳುಗರಿಗೆ ಕಥೆ ಮೊದಲೇ ಗೊತ್ತು. ಗೊತ್ತಿದ್ದುದು ಅರಿವಾಗಿ ಮಾರ್ಪಡುವುದು ಮಾತ್ರ ಹಾಡಿನ ನಡುವೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಮಡಿದನು; ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ರಾಯಣ್ಣನ ಲಾವಣಿಯನ್ನು ಜೆ.ಎಫ್. ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದರಿಂದ ಅದರ ಪಠ್ಯ ಉಳಿಯಿತು. ಆದರೆ ಲಾವಣಿಯ ಪರಿಣಾಮವು ಪಠ್ಯದಲ್ಲಷ್ಟೇ ಇಲ್ಲ. ಗೀಗೀ ಮೇಳದಲ್ಲಿ ಮುಮ್ಮೇಳದವನು ನುಡಿ ಮುಗಿಸಿದೊಡನೆ ಹಿಮ್ಮೇಳವು ಸೊಲ್ಲನ್ನು ಎತ್ತಿಕೊಳ್ಳುತ್ತದೆ; ದಪ್ಪು, ತುಂತುಣಿಗಳು ಜೊತೆಗೂಡುತ್ತವೆ. ಕಥೆ ಅಲ್ಲಿ ಕ್ಷಣಕಾಲ ನಿಲ್ಲುತ್ತದೆ. ರಾಯಣ್ಣ ಇನ್ನೂ ಸೆರೆಸಿಕ್ಕಿಲ್ಲ. ಸಿಗುವನೆಂಬುದು ಕೇಳುಗನಿಗೆ ಗೊತ್ತು. ಈ ಬಿಡುವಿನಲ್ಲಿಯೇ ಇತಿಹಾಸವು ಸ್ವಂತದ ಅಳಲಾಗುತ್ತದೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಸನ್ನಿಧಿಯಲ್ಲಿ ಪುರವಂತರ ಒಡಪುಗಳ ನಡುವೆ ವಾದ್ಯಗಳು ಮೊಳಗುವುದೂ ಇಂಥದೇ ಬಿಡುವು.

ಬೈಲಹೊಂಗಲ ಸೀಮೆಯ ಘಟನೆಯೆಂದು ಜನ ನಂಬಿರುವ ‘ಸಂಗ್ಯಾ–ಬಾಳ್ಯಾ’ ಸಣ್ಣಾಟದಲ್ಲಿಯೂ ಇದೇ ತಂತ್ರವಿದೆ. ಗೆಳೆತನದ ಮಾತು ಹಿಮ್ಮೇಳದಲ್ಲಿ ಮರುಕಳಿಸಿದಾಗ ಪ್ರೇಕ್ಷಕನು ಅದನ್ನು ಮುಂದೆ ಬರಲಿರುವ ದ್ರೋಹದ ನೆನಪಿನೊಂದಿಗೆ ಕೇಳುತ್ತಾನೆ.

ಸವದತ್ತಿ ಎಲ್ಲಮ್ಮನ ಗುಡ್ಡದ ಚೌಡಿಕೆ ಪದಗಳಲ್ಲಿ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ಚೌಡಿಕೆಯ ತಂತಿಯನ್ನು ಬಿಗಿಹಿಡಿದು ಸಡಿಲಿಸಿದಂತೆ ದನಿ ಏರಿಳಿಯುತ್ತದೆ; ಅದು ಮನುಷ್ಯರ ಬಿಕ್ಕನ್ನು ಹೋಲುತ್ತದೆ. ರೇಣುಕೆಯ ಮರಳಿನ ಕೊಡ ಒಡೆಯುವುದು, ಜಮದಗ್ನಿಯ ಶಾಪ, ಮಗನ ಕೊಡಲಿ — ಇವನ್ನು ಹಾಡುವ ಜೋಗತಿ ಬೇರೊಬ್ಬಳ ಕಥೆಯನ್ನಷ್ಟೇ ಹಾಡುತ್ತಿಲ್ಲ. ರಂಡೆ ಹುಣ್ಣಿಮೆಯಂದು ದೇವಿಯ ವೈಧವ್ಯವನ್ನು ತನ್ನ ಕೈಬಳೆಗಳಲ್ಲಿ ಅನುಭವಿಸಿದವಳ ಸ್ವಂತ ನೆನಪೂ ಆ ದನಿಯಲ್ಲಿದೆ. ಕೇಳುವ ಭಕ್ತರು ದೇವಿಯ ದುಃಖಕ್ಕೆ ಕರಗುತ್ತಾರೆ. ಎದುರಿಗೆ ನಿಂತವಳ ದುಃಖ ಅವರಿಗೆ ಅರಿವಾಗುವುದೇ?

ದೇವದಾಸಿ ಸಮರ್ಪಣೆಯನ್ನು ಕರ್ನಾಟಕವು 1982ರ ಶಾಸನದ ಮೂಲಕ ನಿಷೇಧಿಸಿತು. ಆ ಪದ್ಧತಿ ಅಳಿಯಲೇಬೇಕು. ಆದರೆ ಅದರೊಳಗೆ ಬೆಂದವರ ಹಾಡು ಅದರೊಂದಿಗೆ ಅಳಿಯಬೇಕಾಗಿಲ್ಲ. ಪದಗಳನ್ನು ಮಾತ್ರ ಬರೆದುಕೊಳ್ಳುವ ಸಂಗ್ರಹಕಾರ್ಯವು ಹಿಮ್ಮೇಳದ ಬಿಡುವನ್ನೂ ಹಾಡಿದವಳ ಬದುಕನ್ನೂ ಏಕಕಾಲಕ್ಕೆ ಕೈಬಿಡುತ್ತದೆ. ಹಾಡು ಎಲ್ಲಿ ನಿಂತಿತು, ಯಾರು ಅದನ್ನು ಎತ್ತಿಕೊಂಡರು, ಹಾಡಿದವಳು ಅದರ ಬಗ್ಗೆ ಏನು ಹೇಳಿದಳು ಎಂಬುದನ್ನೂ ದಾಖಲಿಸಿದಾಗ ಮಾತ್ರ ಜನಪದ ಗೀತವಿಮರ್ಶೆ ಪೂರ್ಣವಾಗುತ್ತದೆ.