ಅಪಸ್ವರ ಯಾರದು?

ಹಿರಿಯೂರಿನಲ್ಲಿ ನಮ್ಮ ನೆಂಟರ ಮನೆಯ ಮದುವೆ. ಮೆರವಣಿಗೆಯ ಮುಂದೆ ಬ್ಯಾಂಡಿನವರು ಸಿನಿಮಾ ಹಾಡು ನುಡಿಸುತ್ತಿದ್ದರು. ಟ್ರಂಪೆಟ್ಟಿನ ಸ್ವರ ಅಲ್ಲಲ್ಲಿ ಬುಸ್ಸೆಂದು ಬರೀ ಗಾಳಿಯಾಗಿ ಹೋಗುತ್ತಿತ್ತು. ಸಂಗೀತ ಬಲ್ಲವಳೆಂಬ ಠೀವಿಯಿಂದ ನಾನು, ಪಕ್ಕದವರಿಗೆಲ್ಲ ಕೇಳುವಂತೆ, "ಕಲಿಯದೆ ಊದಿದರೆ ಹೀಗೇ" ಎಂದೆ.

ಊಟವಾದ ಮೇಲೆ ಆ ಟ್ರಂಪೆಟ್ಟಿನವನೇ ಬಂದು ಕೈಮುಗಿದ. ಹೊಳಲ್ಕೆರೆಯಲ್ಲಿ ಏಳನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದ ಹುಡುಗ. ಈಗ ನಲವತ್ತು ದಾಟಿದೆ, ವಾಸ ಹೊಸದುರ್ಗ. "ನೀವಂದದ್ದು ಕೇಳಿಸ್ತು ಟೀಚರ್. ಕಲಿತಿದೀನಿ. ವಾದ್ಯ ಸವೆದೈತೆ" ಎಂದ. ನನ್ನ ಮಾತನ್ನೇ ಹಿಡಿದು ಮದುವೆಯವರು ಬ್ಯಾಂಡಿನ ಕೂಲಿಯಲ್ಲಿ ಐನೂರು ಮುರಿದುಕೊಂಡಿದ್ದರು. ಅದನ್ನು ನಾನು ಕೊಡಹೋದರೆ ಅವನು ಮುಟ್ಟಲಿಲ್ಲ. ಬದಲಿಗೆ ಗುಂಡಿ ಒತ್ತದೆಯೇ ಮೊದಲ ವಾಲ್ವಿನ ಕೊಳವೆಯನ್ನು ಎಳೆದು ತೋರಿಸಿದ. ವಾಲ್ವ್ ಬಿಗಿಯಾಗಿದ್ದರೆ 'ಟಪ್' ಎನ್ನಬೇಕಂತೆ. ಅನ್ನಲಿಲ್ಲ.

ಬರ್ಲಿನ್ನಿನಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಪೇಟೆಂಟ್ ಪಡೆದ ಉಪಾಯ ಈ ವಾಲ್ವು. ಟ್ರಂಪೆಟ್ಟಿಗೆ ಮೂರು ಪಿಸ್ಟನ್. ಒತ್ತಿದರೆ ಉಸಿರು ಇನ್ನೊಂದು ಕೊಳವೆ ಸುತ್ತಿಬಂದು ಸ್ವರ ಇಳಿಯುತ್ತದೆ: ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಪಿಸ್ಟನ್ನಿಗೂ ಅದರ ಗೂಡಿಗೂ ನಡುವೆ ತಲೆಗೂದಲಿನಷ್ಟೂ ಸಂದಿರಬಾರದು. ಉಸಿರಿನ ತೇವ, ಬೀದಿಯ ಧೂಳು, ಓರೆಯಾಗಿ ಒತ್ತುವ ಬೆರಳು ಎಲ್ಲವೂ ಅದನ್ನು ಸವೆಸುತ್ತವೆ. ಮದುವೆಮನೆಯವರಿಗೆ ಹೊಳಪು ಬೇಕೆಂದು ಉಜ್ಜುವ ಪಾಲಿಷ್ ಒಳಗಿಳಿದರೆ ಅದೂ ಅರದ ಕೆಲಸ ಮಾಡುತ್ತದೆ. ನಾವು ಕಣ್ಣಿಗೆ ಕೇಳಿದ್ದನ್ನು ಕೊಡಲು ಹೋಗಿ ಅವರು ಕಿವಿಗೆ ಕೊಡಬೇಕಾದ್ದನ್ನು ಕಳೆದುಕೊಳ್ಳುತ್ತಾರೆ.

ಚಿತ್ರದುರ್ಗದವರಾದ ನಮಗೆ ತ.ರಾ.ಸು. ಅವರ 'ಹಂಸಗೀತೆ' (1952) ಮನೆಯ ಪುಸ್ತಕವಿದ್ದಂತೆ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು. ಹಾಡುಗಾರನ ಹಟ, ಸಾಧನೆ, ತ್ಯಾಗ ಎಲ್ಲ ಅಲ್ಲಿದೆ. ಕಾದಂಬರಿಯ ಮೇಲೆ ನನ್ನ ದೂರಿಲ್ಲ. ಆದರೆ ಅಂಥದ್ದನ್ನೇ ಓದಿ ಬೆಳೆದ ನಾವು ಸಂಗೀತ ಕೆಟ್ಟರೆ ನೇರವಾಗಿ ಕಲಾವಿದನ ಎದೆಯನ್ನೇ ತಡಕುತ್ತೇವೆ. ಪಿಸ್ಟನ್ನನ್ನು ಯಾರೂ ನೋಡುವುದಿಲ್ಲ.

ಇವನ ಟ್ರಂಪೆಟ್ ತಂದೆಯ ಕಾಲದ್ದು. ಗುಂಡಿ ಹಿಡಿಯುತ್ತದೆಂದು ಹಿಂದೆ ಯಾರೋ ಲೇತಿನವರು ಎಮರಿ ಕಾಗದದಿಂದ ಉಜ್ಜಿಕೊಟ್ಟಿದ್ದರಂತೆ. ಗುಂಡಿ ಸಡಿಲಾಯಿತು, ಸೋರಿಕೆ ಇಮ್ಮಡಿಯಾಯಿತು. ದಪ್ಪ ಎಣ್ಣೆ ಬಿಟ್ಟು ಎರಡು ಹಂಗಾಮು ದೂಡಿದ. ಕೊನೆಗೆ ಬೆಂಗಳೂರಿನ ಒಬ್ಬ ದುರಸ್ತಿಗಾರರಿಗೆ ಒಪ್ಪಿಸಿದ. ಅವರು ಗೂಡನ್ನು ಒಳಗಿಂದ ಸಮನಾಗಿ ಹೆರೆದು, ಪಿಸ್ಟನ್ನಿಗೆ ವಿದ್ಯುತ್ತಿನಿಂದ ನಿಕ್ಕಲ್ ಲೇಪ ಏರಿಸಿ, ಅರೆದು, ನುಣುಪು ಪೇಸ್ಟು ಹಚ್ಚಿ ಒಂದೊಂದನ್ನೂ ಅದರದರ ಗೂಡಿಗೇ ಕೂಡಿಸಿದರು. ಹಾಗೆ ಕೂಡಿಸಿದ ಮೇಲೆ ಒಂದರ ಗೂಡಿಗೆ ಇನ್ನೊಂದು ಹೊಂದುವುದಿಲ್ಲ. ತೂತುಗಳು ಸರಿಯಾಗಿ ಎದುರುಬದುರು ನಿಲ್ಲಲೆಂದು ಹೊಸ ಫೆಲ್ಟು, ಕಾರ್ಕುಗಳನ್ನೂ ಹಾಕಿದರು.

"ಇಷ್ಟು ದುಡ್ಡಿಗೆ ಮೀರತ್ತಿನಿಂದ ಹೊಸದೇ ಬರ್ತಿತ್ತಲ್ಲ" ಎಂದವರುಂಟು. ಬ್ಯಾಂಡ್ ವಾದ್ಯಗಳಿಗೆ ಮೀರತ್ತಿನ ಜಲಿ ಕೋಠಿ ಹೆಸರುವಾಸಿ. ಮಾತು ಪೂರ್ತಿ ತಪ್ಪೇನಲ್ಲ. ಅಗ್ಗದ ವಾದ್ಯಕ್ಕೆ ಇಷ್ಟು ಖರ್ಚು ದಂಡವೇ. ಆದರೆ ಇದರ ಕೊಳವೆ, ಬಾಯಿ ಗಟ್ಟಿಯಾಗಿದ್ದವು, ಸವೆದದ್ದು ವಾಲ್ವು ಮಾತ್ರ. ಅವನು ಮಾಡಿದ್ದೇ ಸರಿ ಎಂದು ನನಗನಿಸುತ್ತದೆ.

ಮೊನ್ನೆ ದುರ್ಗಕ್ಕೆ ಬಂದವನು ನಮ್ಮ ಮನೆಯ ಜಗಲಿಯಲ್ಲಿ ಅದೇ ಹಾಡು ನುಡಿಸಿದ. ಬುಸುಗುಡುವಿಕೆ ಇಲ್ಲ, ತಗ್ಗಿನ ಸ್ವರಗಳು ತುಂಬಿಕೊಂಡು ಬಂದವು. ಆದರೆ ಚರಣದಲ್ಲಿ ಮೇಲಕ್ಕೆ ಹೋಗುವಾಗ ಅವಸರ ಮಾಡಿದ, ತಾಳ ಜಾರಿತು. ಅದನ್ನೂ ಹೇಳಿದೆ.

"ಅದು ನಂದೇ ಟೀಚರ್" ಎಂದು ನಕ್ಕು, ಆ ಸಾಲನ್ನು ಮತ್ತೆ ಊದಿದ.