ಸೋಲೋ ಮೈನಿಂಗ್: ಲೆಕ್ಕ ಸರಿ, ಓದು ತಪ್ಪು

ಬಿಟ್‌ಕಾಯಿನ್ ಮೈನಿಂಗ್‌ಗೆ ಇಳಿಯಬೇಕೆನ್ನುವವರು ಮೊದಲು ಹುಡುಕುವುದು ಲಾಭದ ಕ್ಯಾಲ್ಕುಲೇಟರನ್ನು. ಯಂತ್ರದ ವೇಗ, ಅದು ಎಳೆಯುವ ಕರೆಂಟು, ಯೂನಿಟ್ ದರ ತುಂಬಿದರೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂದು ಆದಾಯ ಮೂಡುತ್ತದೆ. ಯಂತ್ರಗಳ ವೇಗ ಒಗ್ಗೂಡಿಸಿ ಗಳಿಕೆ ಹಂಚಿಕೊಳ್ಳುವ ಪೂಲ್ ಸೇರಿದವರಿಗೆ ಈ ಅಂಕಿ ಹೆಚ್ಚುಕಡಿಮೆ ನಿಜ. ಯಾರೊಡನೆಯೂ ಸೇರದೆ ಸೋಲೋ ಮೈನಿಂಗ್ ಮಾಡುವವರನ್ನು ಅದೇ ಅಂಕಿ ದಾರಿ ತಪ್ಪಿಸುತ್ತದೆ.

ಒಂದು ಲೆಕ್ಕ ಬಿಡಿಸಿ ನೋಡೋಣ. ಆಂಟ್‌ಮೈನರ್ ಎಸ್21 ಯಂತ್ರದ ವೇಗ ಸೆಕೆಂಡಿಗೆ 200 ಟೆರಾಹ್ಯಾಶ್. ಇಡೀ ಜಾಲದ ವೇಗ 2025ರಲ್ಲಿ 100 ಕೋಟಿ ಟೆರಾಹ್ಯಾಶ್ ಮುಟ್ಟಿತು. ಅಂದರೆ ಒಂದು ಬ್ಲಾಕ್ (ಬಹುಮಾನ ತರುವ ವಹಿವಾಟುಗಳ ಕಟ್ಟು) ಈ ಯಂತ್ರದ ಪಾಲಿಗೆ ಬರುವ ಸಾಧ್ಯತೆ 50 ಲಕ್ಷದಲ್ಲಿ ಒಂದು. ಹತ್ತು ನಿಮಿಷಕ್ಕೊಂದರಂತೆ ವರ್ಷಕ್ಕೆ 52,560 ಬ್ಲಾಕ್. ಹಾಗಾಗಿ ವರ್ಷದೊಳಗೆ ಒಂದಾದರೂ ಸಿಗುವ ಸಾಧ್ಯತೆ ಶೇ. 1ರಷ್ಟು, ಸರಾಸರಿ 95 ವರ್ಷಕ್ಕೊಂದು.

ಈ 95 ವರ್ಷವನ್ನು ಸರತಿಯಲ್ಲಿ ಕಾಯುವ ಅವಧಿ ಎಂದು ಓದುವುದೇ ದೊಡ್ಡ ತಪ್ಪು. ಪ್ರತಿ ಹ್ಯಾಶ್, ಅಂದರೆ ಯಂತ್ರದ ಪ್ರತಿ ಪ್ರಯತ್ನ, ಹೊಸದಾಗಿ ದಾಳ ಎಸೆದ ಹಾಗೆ. ಹಿಂದಿನ ಎಸೆತ ಮುಂದಿನದಕ್ಕೆ ಜಮೆಯಾಗುವುದಿಲ್ಲ. ಹತ್ತು ವರ್ಷ ಬರಿಗೈಯಲ್ಲಿದ್ದವರಿಗೂ ನಾಳಿನ ಅವಕಾಶ ಮೊದಲ ದಿನದಷ್ಟೇ. ಜಾಲದ ವೇಗ ಏರದೆ ನಿಂತಿತೆಂದೇ ಹಿಡಿದರೂ, 95 ವರ್ಷದ ಕೊನೆಗೆ ಒಂದೂ ಬ್ಲಾಕ್ ಸಿಗದಿರುವ ಸಾಧ್ಯತೆ ಶೇ. 37. ಇತ್ತ ಬ್ಲಾಕಿನ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಅದು 6.25ರಿಂದ 3.125 ಬಿಟ್‌ಕಾಯಿನ್‌ಗೆ ಬಂತು.

ಆದಾಯ ಬರೀ ಸಾಧ್ಯತೆ, ಖರ್ಚು ಮಾತ್ರ ಖಚಿತ. ಎಸ್21 ಎಳೆಯುವುದು 3,500 ವ್ಯಾಟ್, ದಿನಕ್ಕೆ 84 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ವರ್ಷದ ಬಿಲ್ಲು 2,14,620 ರೂಪಾಯಿ, ಐದು ವರ್ಷಕ್ಕೆ 10 ಲಕ್ಷ ದಾಟುತ್ತದೆ. ಆ ಐದು ವರ್ಷದಲ್ಲಿ ಏನೂ ಸಿಗದಿರುವ ಸಾಧ್ಯತೆ ಶೇ. 95. ಸಿಕ್ಕರೂ ನಮ್ಮ ದೇಶದಲ್ಲಿ ಕ್ರಿಪ್ಟೋ ಲಾಭಕ್ಕೆ 2022ರಿಂದ ಶೇ. 30 ತೆರಿಗೆ, ಮೈನಿಂಗ್ ಮೂಲಸೌಕರ್ಯದ ವೆಚ್ಚವನ್ನು ಅದರಲ್ಲಿ ಕಳೆಯುವಂತಿಲ್ಲ.

ಗೆದ್ದವರೂ ಇದ್ದಾರೆ. 2022ರ ಜನವರಿಯಲ್ಲಿ 126 ಟೆರಾಹ್ಯಾಶ್ ವೇಗದ ಒಬ್ಬ ಸೋಲೋ ಮೈನರ್‌ಗೆ ಇಡೀ ಬ್ಲಾಕ್ ದಕ್ಕಿತು. ಅದು ಸುದ್ದಿಯಾಯಿತು, ಅದೇ ದಿನ ಏನೂ ಸಿಗದವರು ಸುದ್ದಿಯಾಗಲಿಲ್ಲ. ಎಲ್ಲೋ ಯಾರಿಗೋ ಸಿಕ್ಕೇ ಸಿಗುತ್ತದೆ ಎಂಬುದರಿಂದ ನಮಗೆ ಸಿಗುತ್ತದೆ ಎಂದಾಗುವುದಿಲ್ಲ.

ಆದರೂ ಸೋಲೋ ಪದ್ಧತಿಯನ್ನು ತೆಗೆದುಹಾಕುವಂತಿಲ್ಲ. ಬ್ಲಾಕಿನಲ್ಲಿ ಯಾವ ವಹಿವಾಟು ಸೇರಬೇಕೆಂಬ ತೀರ್ಮಾನ ಕೆಲವೇ ದೊಡ್ಡ ಪೂಲ್‌ಗಳ ಕೈಗೆ ಹೋಗಿರುವಾಗ, ಸ್ವಂತ ನೋಡ್ ಇಟ್ಟುಕೊಂಡು ತಾನೇ ಬ್ಲಾಕ್ ಕಟ್ಟುವವರು ಜಾಲದ ಸ್ವಾತಂತ್ರ್ಯಕ್ಕೆ ಬಲ ಕೊಡುತ್ತಾರೆ. ಹತ್ತಿಪ್ಪತ್ತು ವ್ಯಾಟ್‌ನ ಪುಟ್ಟ ಮೈನಿಂಗ್ ಯಂತ್ರ ಬಿಟ್‌ಆಕ್ಸ್ ಇಟ್ಟುಕೊಂಡು ಕಲಿಯುವುದೂ ಒಳ್ಳೆಯ ಹವ್ಯಾಸವೇ. ಅದನ್ನು ಸಂಪಾದನೆ ಎಂದು ಮಾರುವುದನ್ನು ಮಾತ್ರ ಒಪ್ಪಲಾಗದು.

ಪೂಲ್‌ನಲ್ಲೂ ಸೋಲೋದಲ್ಲೂ, ಶುಲ್ಕ ಬಿಟ್ಟರೆ, ಸರಾಸರಿ ಗಳಿಕೆ ಒಂದೇ, ಬದಲಾಗುವುದು ಏರಿಳಿತ. ಅದಕ್ಕೇ ಸೋಲೋ ಕ್ಯಾಲ್ಕುಲೇಟರ್ ದಿನದ ಆದಾಯ ತೋರಿಸುವುದನ್ನು ಬಿಟ್ಟು, ಯಂತ್ರದ ಆಯುಸ್ಸಿನಲ್ಲಿ ಏನೂ ಸಿಗದಿರುವ ಸಾಧ್ಯತೆಯನ್ನು ಮೊದಲ ಸಾಲಿನಲ್ಲೇ ತೋರಿಸಬೇಕು. ಸಾಲ ಮಾಡಿ ಯಂತ್ರ ತರಲು ಹೊರಟವರು ಆ ಒಂದು ಸಂಖ್ಯೆಯನ್ನು ತಾವೇ ಲೆಕ್ಕ ಹಾಕಿ, ಮನೆಯವರಿಗೂ ತೋರಿಸಿ, ಆಮೇಲೆ ಹಣ ಕೊಡಲಿ.