ಹಾಲಕ್ಕಿ ಹೆಂಗಸರ ಮೇಳ

ಜಪಾನಿನಲ್ಲಿ 1997ರಲ್ಲಿ ಟಿ.ವಿ. ಸ್ಪರ್ಧೆಯೊಂದರಲ್ಲಿ ಸೋತ ಐವರು ಹುಡುಗಿಯರಿಗೆ ಒಂದು ಸವಾಲು ಎದುರಾಯಿತು: ಐದು ದಿನದಲ್ಲಿ ತಮ್ಮ ಹಾಡಿನ 50,000 ಸಿ.ಡಿ. ಮಾರಬೇಕು. ಮಾರಿದರು. ಮಾರ್ನಿಂಗ್ ಮುಸುಮೆ ಎಂಬ ಹಾಡಿನ ತಂಡ ಕಟ್ಟಿಕೊಂಡಿತು. ಹಳಬರು ಬೀಳ್ಕೊಂಡರೂ ಹೊಸಬರಿಂದ ಅದು ನಡೆದುಬಂದಿದೆ.

ಇತ್ತ ನಮ್ಮ ಉತ್ತರ ಕನ್ನಡದ ಹೊನ್ನಾವರ, ಕುಮಟಾ, ಆಚೆಯ ಅಂಕೋಲೆಯ ಹಾಲಕ್ಕಿ ಸಮುದಾಯದ ಕೊಪ್ಪಗಳಲ್ಲಿ ಹೆಂಗಸರ ಹಾಡಿನ ಮೇಳಕ್ಕೆ ಅಂಥ ಆಯ್ಕೆಯೂ ಇಲ್ಲ, ಬೀಳ್ಕೊಡುಗೆಯೂ ಇಲ್ಲ. ಮದುವೆ ಚಪ್ಪರವೋ ನಟ್ಟಿಗದ್ದೆಯೋ, ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಹಿಡಿದು ಎಳೆಯುತ್ತಾರೆ. ವಾದ್ಯ ಬೇಡ. ಮುಂದಾಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಹಿಂದಿನ ದನಿಗಳು ಬಂದು ಸಂದು ಮುಚ್ಚಿಬಿಡುತ್ತವೆ. ಬೆಸುಗೆ ಎಲ್ಲಿ ಬಿತ್ತೆಂದು ಹುಡುಕಿದರೂ ಸಿಗದು. ನನ್ನ ಮೆಚ್ಚುಗೆಯೆಲ್ಲ ಆ ಕುಸುರಿಗೆ. ಕತ್ತು ತುಂಬಿದ ಮಣಿಸರ ಹಿರಿಯ ಹೆಂಗಸರ ದಿನದ ತೊಡಿಗೆಯೇ. (ವೇಷಭೂಷಣದ ಖರ್ಚು ಉಳಿಯಿತು!)

ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರು ಈ ಹಾಡುಗಳನ್ನು ಕಲಿತದ್ದು ತಾಯಿಯಿಂದ. ಸಾರಾಯಿ ವಿರೋಧಿ ಹೋರಾಟದಲ್ಲೂ ಮುಂದೆ ನಿಂತ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪ್ರಶಸ್ತಿಯಲ್ಲಿ ಒಂದೇ ಹೆಸರು. ಸುಕ್ರಜ್ಜಿಯ ಧ್ವನಿಮುದ್ರಣ ಸಿಕ್ಕರೆ ಪಕ್ಕದಲ್ಲಿ ಕೂತು ಸಾಲು ಎತ್ತಿಕೊಳ್ಳುವ ಹೆಂಗಸರನ್ನೂ ಕೇಳಿ; ಅರ್ಧ ಹಾಡು ಅವರದು.